ನೀಲಿ ಬಸ್ಸು ಕೂಗಿದ ಹೊತ್ತು

4 ಫೆಬ್ರವರಿ 2025, ಮಂಗಳವಾರ. ಮಧ್ಯಾಹ್ನ 1.20

ಪಾವಗಡದ ಗಾಡಿ 1.05ಕ್ಕೆ ಬಿಟ್ಟೆ. ಇನ್ನು 1.50ರವರೆಗೆ ಯಾವ ಬಸ್ಸೂ ಇಲ್ಲ. ಊಟ ಆಯಿತು. ಎದುರಿನ ಬೆಂಚಿನಲ್ಲಿ ಇಬ್ಬರು ಹೆಂಗಸರು ಐದು ನಿಮಿಷಕ್ಕೊಮ್ಮೆ ಟೈಮ್ ಕೇಳುತ್ತಿದ್ದಾರೆ. ತಲೆಯ ಮೇಲೆ ಇಷ್ಟು ದೊಡ್ಡ ಗಡಿಯಾರ ಇದೆ. ಅದನ್ನು ನೋಡುವುದಿಲ್ಲ, ನನ್ನನ್ನೇ ಕೇಳಬೇಕು. ಚಳ್ಳಕೆರೆ ಖಾಸಗಿ ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತೆರಡು ವರ್ಷ ಟೈಮ್ ಕೀಪರ್ ಆಗಿದ್ದಕ್ಕೆ ಅಷ್ಟಾದರೂ ಮರ್ಯಾದೆ ಸಿಗುತ್ತಿದೆ.

ಮೊಬೈಲಿನಲ್ಲಿ ಒಂದು ವಿಚಿತ್ರ ಸಿಕ್ಕಿತು. ವಾಚಿನ ಬೆಲ್ಟ್ ಬದಲಿಸುವುದು ಹೇಗೆ ಅಂತ ಹುಡುಕುತ್ತಿದ್ದೆ. ಅದು ಬಿಟ್ಟು ‘ಒನೈಡಾ ಭಾಷೆಯಲ್ಲಿ ಟೈಮ್ ಹೇಳುವುದು’ ಅಂತ ಒಂದು ವಿಡಿಯೊ ಬಂತು. ಇಂಗ್ಲಿಷಿನಲ್ಲಿ ಪಾಠ. ಹೇಳಿಕೊಡುವ ಹೆಂಗಸಿಗೆ ಎಪ್ಪತ್ತರ ಮೇಲಿರಬೇಕು. ಬಿಳಿ ಜಡೆ, ಕೈಯಲ್ಲಿ ರಟ್ಟಿನ ಗಡಿಯಾರ. ಒನೈಡಾದವರು ಅಮೆರಿಕ, ಕೆನಡಾದ ಮೂಲನಿವಾಸಿಗಳಂತೆ. ಹುಟ್ಟಿದಾಗಿನಿಂದ ಆ ಭಾಷೆ ಆಡಿದ ಹಿರಿಯರು ಈಗ ಬೆರಳೆಣಿಕೆಯಷ್ಟೇ ಅಂತೆ.

‘ಟೈಮ್ ಎಷ್ಟು’ ಅನ್ನುವುದಕ್ಕೆ ಅವರ ಮಾತಿನ ಮೂಲ ಅರ್ಥ — ಲೋಹಕ್ಕೆ ಎಷ್ಟು ಸಲ ಪೆಟ್ಟು ಬಿದ್ದಿದೆ. ಮೂರು ಗಂಟೆ ಅಂದರೆ ಮೂರು ಪೆಟ್ಟು. ಎರಡು ಸಲ ನೋಡಿದೆ. ನಮ್ಮದೂ ಹಾಗೇ ಅಲ್ಲವೆ? ಗಂಟೆ ಎಷ್ಟಾಯಿತು, ಎಷ್ಟು ಹೊಡೆಯಿತು. ಮಾರ್ಕೆಟ್ಟಿನ ಸಾಬರು ‘ಕಿತ್ನೆ ಬಜೆ’ ಅನ್ನುವುದೂ ಅದೇ. ಎಲ್ಲಿಯ ಚಳ್ಳಕೆರೆ, ಎಲ್ಲಿಯ ಒನೈಡಾ. ಮೈ ಜುಮ್ ಅಂದಿತು. ಹೇಳೋಣ ಅಂದರೆ ಪಕ್ಕದಲ್ಲಿ ಇದ್ದದ್ದು ಶೇಂಗಾ ಮೂಟೆ.

5 ಫೆಬ್ರವರಿ. ಸಂಜೆ

ಉಸ್ಕ, ತೇಗ್ನಿ, ಆಸಂ, ಗಯೇ, ವಿಸ್ಕ್. ಒಂದರಿಂದ ಐದು. ನನ್ನ ಕಿವಿಗೆ ಕೇಳಿಸಿದ್ದು ಹೀಗೆ. ಮೂರರ ಕೊನೆಗೆ ಮೂಗಿನಲ್ಲಿ ಎಳೆಯಬೇಕು, ಬರುತ್ತಿಲ್ಲ. ಜಗಲಿ ಮೇಲೆ ಕೂತು ಅಭ್ಯಾಸ ಮಾಡುತ್ತಿದ್ದೆ. ಮಾಲತಿ ಬಾಗಿಲಿಗೆ ಬಂದು ನಿಂತಳು.

“ರೀ, ಯಾರಿಗೆ ಬೈತಿದೀರಿ?”

ಪಾಠ ಅಂದೆ. ವಿಡಿಯೊ ತೋರಿಸಿದೆ. ಪೂರ್ತಿ ನೋಡಿದಳು.

“ಈ ಅಮ್ಮನ ಹತ್ರ ಒಂದ್ಸಲ ಕೇಳಿ ಕಲೀತೀರಿ. ಮೂವತ್ತು ವರ್ಷದಿಂದ ನಾನು ಸೊಪ್ಪು ತನ್ನಿ ಅಂದ್ರೆ ಮೂರು ಸಲ ಹೇಳ್ಬೇಕು.”

ಆರನೆಯ ಅಂಕಿಗೆ ಹೋದೆ.

8 ಫೆಬ್ರವರಿ, ಶನಿವಾರ

ಒಂದು ಪ್ರಶ್ನೆ ತಲೆ ಕೊರೆಯುತ್ತಿದೆ. ಲೋಹದ ಗಡಿಯಾರ ಬಂದ ಮೇಲೆ ಪೆಟ್ಟು ಎಣಿಸಿದರು, ಸರಿ. ಅದಕ್ಕೆ ಮೊದಲು? ವಿಡಿಯೊದಲ್ಲಿ ಅದಿಲ್ಲ. ಅರ್ಧ ಗಂಟೆ ಹೇಳುವುದು ಮುಂದಿನ ಪಾಠದಲ್ಲಂತೆ. ಧೈರ್ಯ ಮಾಡಿ ಇಂಗ್ಲಿಷಿನಲ್ಲಿ ಕಾಮೆಂಟ್ ಹಾಕಿದೆ. ಮೇಡಂ, ಗಡಿಯಾರ ಬರುವ ಮುಂಚೆ ನಿಮ್ಮವರು ಹೊತ್ತು ಹೇಗೆ ಹೇಳುತ್ತಿದ್ದರು? ಕೆಳಗೆ ನಾಗೇಂದ್ರಪ್ಪ, ಟೈಮ್ ಕೀಪರ್, ಚಳ್ಳಕೆರೆ ಅಂತ ಪೂರ್ತಿ ವಿಳಾಸ ಬರೆದೆ. ಆಮೇಲೆ ನಾಚಿಕೆಯಾಯಿತು. ಅಳಿಸುವುದು ಹೇಗೋ ಗೊತ್ತಾಗಲಿಲ್ಲ.

10 ಫೆಬ್ರವರಿ. ಮಧ್ಯಾಹ್ನ

ಉತ್ತರ ಬಂದಿದೆ. ಮೇಡಂ ಅಲ್ಲ, ಅವರ ಕ್ಲಾಸಿನವರು ಯಾರೋ. “ಒಳ್ಳೆಯ ಪ್ರಶ್ನೆ, ನಮ್ಮ ಹಿರಿಯರನ್ನು ಕೇಳುತ್ತೇವೆ. ನಿಮ್ಮ ಹಿರಿಯರು ಹೇಗೆ ಹೇಳುತ್ತಿದ್ದರು?”

ಬರೆಯಲು ಕೂತೆ. ಏನೂ ಬರಲಿಲ್ಲ. ಕೋಳಿ ಕೂಗೋ ಹೊತ್ತು, ದೀಪ ಹಚ್ಚೋ ಹೊತ್ತು. ನಡುವೆ ಇಡೀ ಹಗಲು ಖಾಲಿ. ಹೊಟ್ಟೆಪಾಡೇ ಟೈಮಿನದು, ಇಷ್ಟೂ ಗೊತ್ತಿಲ್ಲ. ಡ್ರೈವರ್ ಚಿರಂಜೀವಿಯನ್ನು ಕೇಳಿದೆ.

“ನಮ್ ದೇವಸಮುದ್ರ ರೂಟಲ್ಲಿ ಒಬ್ಬಜ್ಜಿ ಐತೆ ಅಣ್ಣಾ, ನಿಂಗಕ್ಕ ಅಂತ. ಕುರಿ ಕಾಯ್ತದೆ. ವಾಚಿಲ್ಲ, ಮೊಬೈಲಿಲ್ಲ. ಕಾಲಾಗೆ ನೆಲ ಅಳೆದು ಟೈಮ್ ಹೇಳ್ತದೆ.”

ಕಾಲಲ್ಲಿ ನೆಲ ಅಳೆದು? ಹೋಗಲೇಬೇಕು. ಒಂದು ಭಾನುವಾರ.

11 ಫೆಬ್ರವರಿ, ಮಂಗಳವಾರ. ರಾತ್ರಿ ಊಟದ ಮೇಲೆ

ಬೆಳಿಗ್ಗೆ ನೀಲಿ ಬಸ್ಸು — ದೇವಸಮುದ್ರದ 6.40 — ಹೊರಟಾಗ 7.30. ರೇಡಿಯೇಟರ್ ಪೈಪು ಒಡೆದಿತ್ತು. ಹತ್ತು ನಿಮಿಷ ಮೀರಿದರೆ ಆ ಟ್ರಿಪ್ ಕಟ್, ಬಸ್ಸು ಹೊರಡುವಂತಿಲ್ಲ, ಮಾಲೀಕರ ಸಂಘದ ರೂಲು. ಚಿರಂಜೀವಿ ಕೈ ಮುಗಿದ. ಒಳಗೆ ಅರವತ್ತು ಜನ ಕೂತಿದ್ದರು. ರಿಜಿಸ್ಟರಿನಲ್ಲಿ 6.40 ಅಂತಲೇ ಬರೆದೆ. ಟೈಮಿಗೆ ಟೈಮ್ ಬರೆಯುವುದು ಅನ್ನುತ್ತೇವೆ ಇದಕ್ಕೆ. ಎಲ್ಲ ಸ್ಟ್ಯಾಂಡಿನಲ್ಲೂ ನಡೆಯುತ್ತದೆ. ಯಾರ ಮನೆ ಗಂಟೂ ಹೋಗುವುದಿಲ್ಲ.

ಡಬ್ಬಿಯ ಚಟ್ನಿಯಲ್ಲಿ ಉಪ್ಪೋ ಉಪ್ಪು. ಮಾಲತಿಗೆ ನಾಲಿಗೆ ಇರುವುದು ಮಾತಾಡುವುದಕ್ಕೆ ಮಾತ್ರ, ರುಚಿಗಲ್ಲ.

12 ಫೆಬ್ರವರಿ

ಡಬ್ಬಿಯಲ್ಲಿ ಇವತ್ತು ಚಟ್ನಿಯೇ ಇಲ್ಲ. ಒಣ ರೊಟ್ಟಿ, ಒಂದು ಈರುಳ್ಳಿ. ಮನೆಗೆ ಬಂದು ಕೇಳಿದೆ. “ಮರ್ತೆ” ಅಂದಳು. ಮಾಲತಿ ಮರೆಯುವ ಹೆಂಗಸಲ್ಲ.

ಒಂಬತ್ತು — ವಾತ್ಲು. ಹತ್ತರವರೆಗೆ ಬಂತು.

14 ಫೆಬ್ರವರಿ. ಬೆಳಿಗ್ಗೆ 11

ಮೊಳಕಾಲ್ಮೂರಿನಿಂದ ಒಬ್ಬ ಕಾನ್‌ಸ್ಟೇಬಲ್ ಬಂದಿದ್ದ. ಮಂಗಳವಾರದ ಪುಟ ತೋರಿಸಿ ಅಂದ. ತೋರಿಸಿದೆ. ಮೊಬೈಲಿನಲ್ಲಿ ಫೋಟೊ ಹೊಡೆದ. ಯಾಕೆ ಅಂದರೆ ‘ಏನೋ ಒಂದು ಎನ್‌ಕ್ವೈರಿ’ ಅಂದ. “ಎಷ್ಟ್ ಚೆಂದ ಬರೆದೀರಿ ಸಾರ್, ಒಂದೂ ಹೊಡೆದುಹಾಕಿಲ್ಲ” ಅಂತ ಹೊಗಳಿದ. ಟೀ ಕುಡಿಸಿದೆ. ಇಂಥ ಮಾತು ಕೇಳಿ ಎಷ್ಟು ವರ್ಷವಾಗಿತ್ತು.

23 ಫೆಬ್ರವರಿ, ಭಾನುವಾರ. ಸಂಜೆ 6

ದೇವಸಮುದ್ರಕ್ಕೆ ಹೋಗಿ ಬಂದೆ. ಎಲ್ಲ ಬರೆದುಬಿಡಬೇಕು.

ನೀಲಿ ಬಸ್ಸಿಗೇ ಹೋದೆ. ಇವತ್ತು ಸರಿಯಾಗಿ 6.40ಕ್ಕೆ ಬಿಟ್ಟಿತು, 8.15ಕ್ಕೆ ಇಳಿದೆ. ಹುಣಸೆಮರದ ತಿರುವಿನ ಪಕ್ಕದಲ್ಲೇ ನಿಂಗಕ್ಕನ ಕುರಿಹಟ್ಟಿ. ಎಪ್ಪತ್ತೈದು ದಾಟಿರಬೇಕು. ಬೆನ್ನು ಬಾಗಿಲ್ಲ, ಕೋಲಿಲ್ಲ. ಕಟ್ಟೆಯ ಮೇಲೆ ಅವಳ ಪಕ್ಕ ಇನ್ನೊಬ್ಬ ಹೆಂಗಸು ಕೂತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು. ಮಂಜಮ್ಮ, ಪಕ್ಕದ ಮನೆಯವಳು. ನಾನು ಬಂದ ವಿಷಯ ಹೇಳಿದೆ. ವಾಚು ನೋಡದೆ ಹೊತ್ತು ಹೇಳುವುದು ಹೇಗೆ ಅಂತ ಕೇಳಲು ಬಂದೆ ಅಕ್ಕಾ ಅಂದೆ.

ನಿಂಗಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಅದೇ ಕೇಳಾಕೆ ಪೊಲೀಸ್ನೋರು ಬಂದಿದ್ರು. ನೀನೂ ಅವರ ಪೈಕೀನಾ ತಮ್ಮಾ?”

ಅಲ್ಲ ಅಂದೆ. ಅಮೆರಿಕದ ಅಜ್ಜಿಯ ಕಥೆ ಹೇಳಿದೆ. ಲೋಹಕ್ಕೆ ಪೆಟ್ಟು, ಎಣಿಕೆ, ಎಲ್ಲ. ಅದು ಅವಳಿಗೆ ಬಹಳ ಹಿಡಿಸಿತು.

“ಅವರಿಗೆ ಕಿವಿ, ನಮಗೆ ಕಾಲು. ಬಾ ಇಲ್ಲಿ.”

ಬಯಲಲ್ಲಿ ನಿಲ್ಲಿಸಿದಳು. ನನ್ನ ನೆರಳಿನ ತಲೆ ಬಿದ್ದ ಜಾಗಕ್ಕೆ ಒಂದು ಕಲ್ಲು ಇಟ್ಟಳು. ನಿಂತಲ್ಲಿಂದ ಹಿಮ್ಮಡಿಗೆ ಬೆರಳು ತಾಗಿಸುತ್ತ, ಒಂದು ಪಾದದ ಮುಂದೆ ಒಂದು ಪಾದ, ಕಲ್ಲಿನವರೆಗೆ ನಡಿ ಅಂದಳು. ಹದಿನಾರು ಆಯಿತು.

“ಹನ್ನೆರಡು ಪಾದಕ್ಕೆ ಕುರಿ ಬಿಡೋದು. ಮೂರಕ್ಕೆ ಬುತ್ತಿ ಬಿಚ್ಚೋದು. ಬಿಸಿಲುಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ. ಎಳೇ ಹೊತ್ತಿಗೆ ಬಾರೆಡು ಪೊದ್ದು ಅಂತೀವಿ ತೆಲುಗಿನಾಗೆ, ಸೂರ್ಯ ಮಾರುದ್ದ ಮೇಲೆ ಬಂದ ಅಂತ.”

“ಮೋಡ ಇದ್ರೆ?”

“ಕುರಿ ಹೇಳ್ತಾವೆ.”

ಪಾಕೆಟ್ ಡೈರಿಯಲ್ಲಿ ಬರೆದುಕೊಂಡೆ. ಖುಷಿಯೋ ಖುಷಿ. ಅಮೆರಿಕಕ್ಕೆ ಏನು ಬರೆಯಬೇಕು ಅಂತ ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಮಂಜಮ್ಮ ಮೊದಲ ಸಲ ಬಾಯಿ ಬಿಟ್ಟಳು.

“ಆ ಪಾದದ ಲೆಕ್ಕ ಪೊಲೀಸ್ನೋರು ಬರ್ಕೊಳ್ಳಲಿಲ್ಲಲ್ಲ ನಿಂಗಕ್ಕ. ನಗಾಡಿದ್ರು.”

ಆಮೇಲೆ ಗೊತ್ತಾಯಿತು. ಮಂಜಮ್ಮನ ಮಗ ಮಾರುತಿ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಬೊಮ್ಮಲಿಂಗಪ್ಪನವರಲ್ಲಿ ಕೆಲಸ. ನೇಕಾರರ ಮನೆಗಳಿಗೆ ನೂಲು ಮುಟ್ಟಿಸುವುದು, ನೇಯ್ದ ಸೀರೆ ತಂದು ಕೊಡುವುದು. 11ನೇ ತಾರೀಖು ಬೆಳಿಗ್ಗೆ ಬೊಮ್ಮಲಿಂಗಪ್ಪನವರ ಪಡಸಾಲೆಯಿಂದ ಮೂರು ಮದುವೆ ಸೀರೆ ಹೋಗಿವೆ. ಎಂಟೂವರೆಗೆ ಇದ್ದವು, ಒಂಬತ್ತಕ್ಕೆ ಇಲ್ಲ. ಮಾರುತಿ ಕೆಲಸಕ್ಕೆ ಬಂದದ್ದು ಮುಕ್ಕಾಲು ಗಂಟೆ ತಡವಾಗಿ, ಒಂಬತ್ತೂ ಮುಕ್ಕಾಲಿಗೆ, ಒದ್ದೆ ಅಂಗಿಯಲ್ಲಿ. ಯಾಕೆ ಅಂದರೆ ಊರಲ್ಲಿ ಕುರಿ ಮರಿ ಹಾಕಿಸುತ್ತಿದ್ದೆ, ರಕ್ತ ತೊಳೆದೆ ಅಂದಿದ್ದಾನೆ. ಯಾರೂ ನಂಬಿಲ್ಲ. ಅವನು ಈಗ ಚಿತ್ರದುರ್ಗದ ಜೈಲಿನಲ್ಲಿ.

“ಮರಿ ಹಿಂಗಾಲು ಮುಂದಾಗಿ ಬಂದಿತ್ತು ತಮ್ಮಾ,” ನಿಂಗಕ್ಕ ಹೇಳಿದಳು. “ನನ್ ಕೈಲಿ ಆಗಲಿಲ್ಲ. ಬೈಕ್ ಮ್ಯಾಲೆ ಕೆಲಸಕ್ಕೆ ಹೋಗ್ತಿದ್ದ ಮಾರುತೀನ ಕೂಗಿದೆ. ಅವನೇ ಎಳೆದ. ಮರಿ ನೆಲಕ್ಕೆ ಬೀಳೋದಕ್ಕೂ ನೀಲಿ ಬಸ್ಸು ತಿರುವಿನಾಗೆ ಕೂಗೋದಕ್ಕೂ ಸರಿ ಹೋತು. ಮಿಕ್ಕ ಕುರಿ ಬಿಡಾಕೆ ಹೊತ್ತು ಮೀರ್ತಲ್ಲ ಅಂತ ನೆರಳು ಅಳೆದೆ. ಹನ್ನೊಂದು ಪಾದ ಇತ್ತು. ಇಷ್ಟೇ ಅವರಿಗೂ ಹೇಳಿದ್ದು.”

“ಅವರು ಏನಂದ್ರು?”

“ನೀಲಿ ಬಸ್ಸು ಅಂದಿದ್ದು ಮಾತ್ರ ಬರ್ಕೊಂಡ್ರು. ಚಳ್ಳಕೆರೆಯಾಗೆ ಪುಸ್ತಕ ಐತಂತೆ. ಅದರಾಗೆ ನೋಡಿದ್ರೆ ಬಸ್ಸು ಇಲ್ಲಿ ಎಂಟೂ ಕಾಲಿಗೇ ಹೋಗೈತಂತೆ. ಆಮ್ಯಾಲೆ ಬೈಕ್ ಹತ್ತಿದ್ರೆ ಒಂಬತ್ತರೊಳಗೆ ಮೊಳಕಾಲ್ಮೂರಾಗೆ ಇರ್ತಾನೆ. ಕದ್ದು, ಬಚ್ಚಿಟ್ಟು, ಏನೂ ತಿಳೀದೋನಂಗೆ ಮತ್ತೆ ಬಂದ ಅಂತಾರೆ.”

ಆ ಪುಸ್ತಕ ಬರೆಯುವವನು ನಾನೇ ಅಂತ ಹೇಳಲಿಲ್ಲ. ಮಂಜಮ್ಮ ಮಜ್ಜಿಗೆ ತಂದುಕೊಟ್ಟಳು, ಕುಡಿದೆ.

ಬಸ್ಸಿನಲ್ಲಿ ಬರುವಾಗ ಸಮಾಧಾನ ಹೇಳಿಕೊಂಡೆ. ಮುದುಕಿ, ಲೆಕ್ಕ ತಪ್ಪಿರಬಹುದು. ಆ ಮಂಗಳವಾರ ಬಸ್ಸು ಟೈಮಿಗೇ ಹೋಗಿರಬಹುದು. ಎಷ್ಟು ದಿನ, ಎಷ್ಟು ಬಸ್ಸು, ಯಾರಿಗೆ ನೆನಪಿರುತ್ತದೆ? ಇದೇ ಡೈರಿಯನ್ನು ನಾಲ್ಕು ಪುಟ ಹಿಂದಕ್ಕೆ ತಿರುಗಿಸಿದರೆ ಗೊತ್ತಾಗುತ್ತದೆ. ತಿರುಗಿಸುತ್ತಿಲ್ಲ.

24 ಫೆಬ್ರವರಿ, ಸೋಮವಾರ. ಬೆಳಿಗ್ಗೆ 9.20

ಸ್ಟ್ಯಾಂಡಿನ ಹಿಂದಿನ ಖಾಲಿ ಜಾಗದಲ್ಲಿ ಅಳೆದೆ. ಸರಿಯಾಗಿ 8.15ಕ್ಕೆ ಹದಿನೇಳು ಪಾದ. ನಿನ್ನೆ ಅಲ್ಲಿ ಹದಿನಾರಾಗಿದ್ದು ಮಾತಾಡುತ್ತ ತಡವಾಗಿದ್ದಕ್ಕೆ ಇರಬೇಕು. ಆಟೊದವರು ನಿಂತು ನೋಡಿದರು. “ಏನ್ ಟೈಮ್ ನಾಗೇಂದ್ರಪ್ಪ, ಸೈಟ್ ತಗೊಂಡ್ಯಾ?” ಅಂದರು. ಬಸ್ಸು ಐವತ್ತು ನಿಮಿಷ ತಡವಾಗಿದ್ದರೆ ದೇವಸಮುದ್ರಕ್ಕೆ 9.05. ಕಾದೆ. 9.05ಕ್ಕೆ ಮತ್ತೆ ಅಳೆದೆ.

ಹತ್ತೂವರೆ.

ಹದಿಮೂರು ದಿನ ಹಿಂದೆ ಸೂರ್ಯ ಇನ್ನೂ ಸ್ವಲ್ಪ ಕೆಳಗಿದ್ದ. ಹನ್ನೊಂದು ಆಗಿರಬೇಕು. ಆಗಿರಲೇಬೇಕು.

ಐವತ್ತು ಅನ್ನುವ ಸಂಖ್ಯೆ ನನಗೆ ಎಲ್ಲಿಂದ ಬಂತು? ಪುಟ ತಿರುಗಿಸಿಲ್ಲ, ಆದರೂ ಐವತ್ತು ಅಂತಲೇ ಅಳೆದೆ. ಗೊತ್ತಿತ್ತು. ನಿನ್ನೆ ನಿಂಗಕ್ಕ ಬಾಯಿ ತೆರೆದಾಗಲೇ ಗೊತ್ತಿತ್ತು.

9.40. ತಿರುಗಿಸಿ ನೋಡಿದೆ. ‘ಹೊರಟಾಗ 7.30.’ ನನ್ನದೇ ಕೈ. ರಿಜಿಸ್ಟರಿನಲ್ಲಿ 6.40, ಅದೂ ನನ್ನದೇ ಕೈ, ಅದೇ ಪೆನ್ನು. ಕಾನ್‌ಸ್ಟೇಬಲ್ ಹೊಗಳಿದ ಚೆಂದದ ಅಕ್ಷರ. ಆ ಹುಡುಗನನ್ನು ಜೈಲಿಗೆ ಕಳಿಸಿ, ಮೇಲೆ ಟೀ ಕೊಡಿಸಿದ್ದೇನೆ.

ಅವರ ಭಾಷೆಯಲ್ಲಿ ಪೆಟ್ಟು ಬೀಳದೆ ಗಂಟೆ ಇಲ್ಲ. ಯಾರೋ ಹೊಡೆದಿರಬೇಕು, ಯಾರೋ ಕೇಳಿರಬೇಕು. ನಾನು ಪೆಟ್ಟೇ ಬೀಳದ ಗಂಟೆ ಬರೆದೆ.

25 ಫೆಬ್ರವರಿ. ಮಧ್ಯಾಹ್ನ

ಚಿರಂಜೀವಿಗೆ ಹೇಳಿದೆ. ಸ್ಟೇರಿಂಗಿನ ಮೇಲೆ ತಲೆ ಇಟ್ಟ.

“ಅಣ್ಣಾ, ನನ್ನ ಹೆಸರು ತರಬ್ಯಾಡ್ರಿ. ಪೊಲೀಸ್ನೋರು ನನ್ನೂ ಕೇಳಿದ್ರು. ಟೈಮಿಗೇ ಹೋದೆ ಅಂದ್ಬಿಟ್ಟೆ. ನಿಮ್ಮ ಪುಸ್ತಕ ಹಂಗೈತಲ್ಲ ಅಂತ.”

ಅವನು ನನ್ನ ಪುಸ್ತಕ ನೋಡಿ ಸುಳ್ಳು ಹೇಳಿದ. ಅವನು ಕೈ ಮುಗಿದದ್ದು ನೋಡಿ ನಾನು ಸುಳ್ಳು ಬರೆದೆ. ಇಬ್ಬರೂ ಒಳ್ಳೆಯವರೇ.

ಸಂಘದ ಅಧ್ಯಕ್ಷ ದೊಡ್ಡೀರಪ್ಪನವರ ಹತ್ತಿರ ಹೋದೆ. ನೀಲಿ ಬಸ್ಸೂ ಅವರದೇ. ಪೂರ್ತಿ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಪಾಪದ ಹುಡುಗ, ನಿಜ. ಲಾಯರ್ ಇಡೋಣ, ಬೇಕಾದ್ರೆ ನಾನೇ ಮಾತಾಡ್ತೀನಿ. ಆದ್ರೆ ಒಂದು ತಿಳ್ಕೊ ನಾಗೇಂದ್ರಪ್ಪ. ಒಂದು ಪುಟ ಸುಳ್ಳು ಅಂತ ನೀನೇ ಹೇಳಿದ್ರೆ, ಇಪ್ಪತ್ತೆರಡು ವರ್ಷದ ಎಲ್ಲಾ ಪುಟಾನೂ ಸುಳ್ಳು ಅಂತಾರೆ. ಆಮೇಲೆ ಆ ಕುರ್ಚಿ ಮೇಲೆ ನಿನ್ನ ಕೂರ್ಸಾಕೆ ನನ್ನ ಕೈಲಿ ಆಗಲ್ಲ.”

ಬೆದರಿಕೆ ಅಲ್ಲ ಅದು. ಲೆಕ್ಕ ಸರಿಯಾಗಿಯೇ ಇದೆ.

ಮನೆಗೆ ಬಂದು ಮಾಲತಿಗೆ ಏನೂ ಹೇಳಲಿಲ್ಲ. ಈ ವಯಸ್ಸಿನಲ್ಲಿ ಇನ್ನೊಂದು ಕೆಲಸ ಯಾರು ಕೊಡುತ್ತಾರೆ? ಭಯವಾಗುತ್ತಿದೆ.

26 ಫೆಬ್ರವರಿ, ಶಿವರಾತ್ರಿ

ಉಪವಾಸ. ರಜೆ ಇಲ್ಲ. ಇವತ್ತು ಎಲ್ಲ ಬಸ್ಸಿನ ಟೈಮೂ ಇದ್ದದ್ದು ಇದ್ದಂತೆ ಬರೆದೆ. ಮೂರು ಟ್ರಿಪ್ ಕಟ್. ಡ್ರೈವರುಗಳು ದೆವ್ವ ಹಿಡಿದವನನ್ನು ನೋಡುವಂತೆ ನೋಡಿದರು.

27 ಫೆಬ್ರವರಿ. ಸಂಜೆ

ಮೊಳಕಾಲ್ಮೂರು ಠಾಣೆಗೆ ಹೋಗಿದ್ದೆ. ಹತ್ತೂವರೆಗೆ ಒಳಗೆ ಕರೆದರು. ಸಬ್ ಇನ್ಸ್‌ಪೆಕ್ಟರ್ ಚಿಕ್ಕ ವಯಸ್ಸಿನವರು, ಗಡಿಬಿಡಿಯವರಲ್ಲ. ಹೇಳಿದೆ. ರಿಜಿಸ್ಟರ್ ತಪ್ಪು ಸಾರ್, ನಾನೇ ತಪ್ಪು ಬರೆದೆ, ಬಸ್ಸು 7.30ಕ್ಕೆ ಹೊರಟಿದ್ದು.

“ಇದನ್ನ ಅವತ್ತೇ ಯಾಕ್ರೀ ಹೇಳಲಿಲ್ಲ?”

“ಅವತ್ತು ಯಾಕೆ ಕೇಳ್ತಿದಾರೆ ಅಂತ ಗೊತ್ತಿರಲಿಲ್ಲ ಸಾರ್.”

“ಈಗ ಯಾರು ಹೇಳಿದ್ರು?”

ಒನೈಡಾದಿಂದ ಶುರು ಮಾಡಬೇಕಾಯಿತು. ಎಲ್ಲಿಂದಲೋ ಎಲ್ಲಿಗೋ ಹೋಯಿತು. ನೆರಳಿನ ವಿಷಯ ಬಂದಾಗ ಅವರೂ ನಕ್ಕರು. ಸಾರ್, ನಿಮ್ಮ ಅಂಗಳದಲ್ಲೇ ಅಳೆಯಿರಿ, ಈ ಹೊತ್ತಿಗೆ ಐದರ ಸುತ್ತ ಬರಬೇಕು ಅಂದೆ. ಅದೇ ಕಾನ್‌ಸ್ಟೇಬಲ್ ಹೊರಗೆ ಹೋದ. ಕಿಟಕಿಯಲ್ಲಿ ಕಾಣುತ್ತಿತ್ತು, ಬೂಟಿಗೆ ಬೂಟು ತಾಗಿಸಿಕೊಂಡು ನಡೆಯುತ್ತಿದ್ದ. “ಐದು ಸಾರ್, ಚೂರು ಮೇಲೆ” ಅಂತ ಬಂದ. ಇನ್ಸ್‌ಪೆಕ್ಟರ್ ನಗು ನಿಲ್ಲಿಸಿದರು.

“ಆದ್ರೂ ಪಾದ ತಗೊಂಡು ಕೋರ್ಟಿಗೆ ಹೋಗಾಕಾಗಲ್ಲ ನಾಗೇಂದ್ರಪ್ಪನೋರೆ. ಕಾಗದ ಇದ್ರೆ ಹೇಳಿ.”

ಮನೆಯಲ್ಲಿ ಸ್ವಂತ ಡೈರಿ ಇದೆ, ಅವತ್ತಿನ ರಾತ್ರಿಯೇ ಬರೆದಿದ್ದೇನೆ ಅಂದೆ.

“ಮೊನ್ನೆ ಕೂತು ಬರೆದಿಲ್ಲ ಅಂತ ಏನು ಗ್ಯಾರಂಟಿ? ನೀವು ಬರೆದಿದ್ದನ್ನ ಅವತ್ತೇ ಯಾರಾದ್ರೂ ನೋಡಿದಾರಾ?”

ಯಾರೂ ಇಲ್ಲ ಸಾರ್ ಅಂದೆ. ಯಾರೂ ಓದಬಾರದು ಅಂತಲೇ ಬರೆಯುವುದಲ್ಲವೆ? ಸೋಮವಾರ ಪೇದೆಯನ್ನು ಕಳಿಸುತ್ತೇನೆ, ಡೈರಿ ಕೊಟ್ಟು ಕಳಿಸಿ, ನೀವೂ ಬನ್ನಿ, ನೋಡೋಣ ಅಂದರು. ‘ನೋಡೋಣ’ ಅನ್ನುವುದರಲ್ಲಿ ಭರವಸೆ ಏನೂ ಇರಲಿಲ್ಲ.

28 ಫೆಬ್ರವರಿ, ಶುಕ್ರವಾರ. ಬೆಳಿಗ್ಗೆ 8

ಕೆಲಸ ಹೋಯಿತು. ದೊಡ್ಡೀರಪ್ಪನವರೇ ಫೋನ್ ಮಾಡಿದರು. ದನಿ ಸಣ್ಣದಾಗಿತ್ತು. ನನ್ನ ಕುರ್ಚಿಗೆ ನೀಲಿ ಬಸ್ಸಿನ ಕಂಡಕ್ಟರ್ ಕಿರಣ್‌ಕುಮಾರ್.

ಇನ್ನು ಮುಚ್ಚಿಡುವುದೇನು? ಅಡುಗೆಮನೆಯಲ್ಲಿ ನಿಂತು ಮಾಲತಿಗೆ ಎಲ್ಲ ಹೇಳಿದೆ. ನೀಲಿ ಬಸ್ಸು, ಸೀರೆ, ಮಾರುತಿ, ಠಾಣೆ. ಕೆಲಸ ಹೋಗಿದ್ದನ್ನು ಕೊನೆಗೆ ಹೇಳಿದೆ. ಡೈರಿ ಪೊಲೀಸರಿಗೆ ಕೊಡಬೇಕು, ಅದರಲ್ಲಿ ಏನೇನೋ ಇದೆ, ನಿನ್ನ ಬಗ್ಗೆ ಕೂಡ, ಬೇಜಾರು ಮಾಡಿಕೊಳ್ಳಬೇಡ ಅಂದೆ.

ರೊಟ್ಟಿ ತಟ್ಟುತ್ತಲೇ ಇದ್ದಳು.

“ನೀಲಿ ಬಸ್ಸು ಏಳೂವರೆಗೆ ಹೋಗಿದ್ದು ನಂಗೊತ್ತು.”

“ನಿಂಗ್ಹೆಂಗೆ ಗೊತ್ತು?”

“ಹನ್ನೆರಡನೇ ತಾರೀಖು ನಿಮ್ಮ ಡಬ್ಬಿಗೆ ಚಟ್ನಿ ಯಾಕೆ ಹಾಕಿಲ್ಲ ಅಂತ ಕೇಳಿದ್ರಲ್ಲ. ನನ್ನ ನಾಲಿಗೆ ಮಾತಿಗೆ ಮಾತ್ರ ಅಂತ ಬರೆದ್ರೆ ಚಟ್ನಿ ರುಬ್ಬಿ ಕಳಿಸ್ಬೇಕಿತ್ತಾ?”

ಕೂತುಬಿಟ್ಟೆ. ಎಷ್ಟು ದಿನದಿಂದ ಓದುತ್ತಿದ್ದೀಯ ಅಂದೆ.

“ಮದುವೆಯಾದ ಎರಡನೇ ವರ್ಷದಿಂದ. ಬೀರು ಒರೆಸೋದು ಯಾರು ಅಂದ್ಕೊಂಡಿದ್ರಿ? ಅಷ್ಟೊಂದು ಕೆಟ್ಟದ್ದೇನೂ ಬರೆದಿಲ್ಲ ಬಿಡ್ರಿ. ಒಳ್ಳೇದೂ ಜಾಸ್ತಿ ಬರೆದಿಲ್ಲ.”

ಮೂವತ್ತು ವರ್ಷ. ತಲೆ ಎತ್ತಲಾಗಲಿಲ್ಲ. ಅವಳು ಹಿಟ್ಟಿನ ಕೈ ತೊಳೆದು ಎದುರು ಬಂದು ಕೂತಳು.

“ಹನ್ನೆರಡನೇ ತಾರೀಖು ಬೆಳಿಗ್ಗೆ ನಾನು ಆ ಪುಟ ಓದಿದೀನಿ. ಬಸ್ಸಿಂದು ಮೇಲೈತೆ, ಚಟ್ನಿದು ಕೆಳಗೈತೆ. ಎರಡು ದಿನ ನಿಮ್ಮ ಜೊತೆ ಸರಿಯಾಗಿ ಮಾತಾಡಲಿಲ್ಲ, ಪಕ್ಕದ ಮನೆಯೋರಿಗೂ ಗೊತ್ತು. ಇನ್ಸ್‌ಪೆಕ್ಟರ್ ಮುಂದೆ ಹೇಳ್ತೀನಿ. ಆ ಹುಡುಗನ ಅವ್ವ ಏನ್ ಮಾಡ್ತಿದಾಳೋ.”

“ಚಟ್ನಿ ವಿಷಯ ಠಾಣೇಲಿ ಹೇಳ್ತೀಯಾ?”

“ಹೇಳ್ದೆ ಬಿಡ್ತೀನಾ ಮತ್ತೆ?”

1 ಮಾರ್ಚ್, ಶನಿವಾರ

ಮನೆಯಲ್ಲಿ ಇರುವುದು ಗೊತ್ತಿಲ್ಲ ನನಗೆ. 6.40ಕ್ಕೆ ಎಚ್ಚರವಾಗಿ ಕೂತೆ. ಹಾರ್ನ್ ಕೇಳಿಸಿತೆಂದು ಭ್ರಮೆ.

ಅಮೆರಿಕಕ್ಕೆ ಉತ್ತರ ಬರೆದೆ. ನೆರಳು, ಪಾದ, ಹನ್ನೆರಡಕ್ಕೆ ಕುರಿ, ಮೂರಕ್ಕೆ ಬುತ್ತಿ, ಮೋಡ ಇದ್ದರೆ ಕುರಿ ಹೇಳುತ್ತವೆ. ನಿಂಗಕ್ಕನ ಹೆಸರು ಹಾಕಿದೆ. ಟೈಮ್ ಕೀಪರ್ ಅಂತ ಬರೆಯಲಿಲ್ಲ.

ಬೆಳಿಗ್ಗೆ ಮಾಲತಿ ಚಹ ಕೊಡುವಾಗ “ಗಯೇ” ಅಂದಳು. ನಾಲ್ಕು ಚಮಚ ಸಕ್ಕರೆ ಹಾಕಿದ್ದೀನಿ ಅಂತ. ಯಾವಾಗ ಕಲಿತಳೋ.

3 ಮಾರ್ಚ್, ಸೋಮವಾರ. ಬೆಳಿಗ್ಗೆ 7.50

ಪೇದೆ ಬಂದಿದ್ದಾನೆ. ಜಗಲಿಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದಾನೆ. ಮಾಲತಿ ಒಳಗೆ ಸೀರೆ ಉಡುತ್ತಿದ್ದಾಳೆ. ಹತ್ತು ನಿಮಿಷ ಕೇಳಿಕೊಂಡಿದ್ದೇನೆ.

ಒಂದು ಪುಟವನ್ನೂ ಹರಿದಿಲ್ಲ. ದೊಡ್ಡೀರಪ್ಪನವರನ್ನು ಎಮ್ಮೆ ಅಂದ ಪುಟವೂ ಇದೆ. ಇರಲಿ.

ಇಷ್ಟು ದಿನ ಯಾರಿಗೂ ಅಲ್ಲದೆ ಬರೆದೆ ಅಂದುಕೊಂಡಿದ್ದೆ. ಈಗ ನಿಮಗೆ ಅಂತ ಬರೆಯುತ್ತಿದ್ದೇನೆ ಸ್ವಾಮಿ, ಯಾರು ಓದುತ್ತೀರೋ ಅವರಿಗೆ. ಮಾರುತಿಯನ್ನು ನಾನು ನೋಡಿಲ್ಲ. ನಮ್ಮ ಕಡೆಯವನಲ್ಲ. ಸೀರೆ ಯಾರು ತೆಗೆದರೋ ನನಗೆ ಗೊತ್ತಿಲ್ಲ. ಗೊತ್ತಿರುವುದು ಒಂದೇ. ಫೆಬ್ರವರಿ 11ರಂದು ನೀಲಿ ಬಸ್ಸು ಚಳ್ಳಕೆರೆ ಬಿಟ್ಟಿದ್ದು 7.30ಕ್ಕೆ. ನಿಂಗಕ್ಕ ಹೇಳಿದ ಹೊತ್ತು ಸರಿ. ನಾನು ಬರೆದ ಹೊತ್ತು ತಪ್ಪು.

ಒಂದು ದಿನ ಮಾತ್ರ ಸುಳ್ಳು ಬರೆದ, ಅದೂ ಈ ಹುಡುಗನ ದಿನವೇ ಅಂದರೆ ನೀವು ಹೇಗೆ ನಂಬುತ್ತೀರಿ? ನಾನಾದರೂ ನಂಬುತ್ತಿರಲಿಲ್ಲ. ಅದಕ್ಕೆ ರಾತ್ರಿ ಕೂತು ಹಳೆಯ ಡೈರಿಗಳನ್ನೆಲ್ಲ ತೆಗೆದೆ. ಮಾಲತಿ ಓದಿ ಹೇಳಿದಳು, ನಾನು ಗುರುತು ಹಾಕಿದೆ. ಅವೂ ಚೀಲದಲ್ಲಿವೆ, ತರುತ್ತಿದ್ದೇನೆ. ರಿಜಿಸ್ಟರಿನ ಪಕ್ಕ ಇಟ್ಟು ನೋಡಿ. ನನ್ನ ಹೆಸರು ಹೋಗುತ್ತದೆ. ಅದು ಆಗಲೇ ಹೋಗಿದೆ, ಈಗ ಉಪಯೋಗಕ್ಕಾದರೂ ಬರಲಿ.

ಈ ವರ್ಷದವು ಇಲ್ಲೇ ಬರೆದಿಡುತ್ತೇನೆ. ಜನವರಿ 9, ಪಾವಗಡದ ಗಾಡಿ, ಹನ್ನೆರಡು ನಿಮಿಷ. ಜನವರಿ 16, ಅದೇ ಗಾಡಿ, ಇಪ್ಪತ್ತು. ಜನವರಿ 21, ನೀಲಿ ಬಸ್ಸು, ಮೂವತ್ತೈದು. ಜನವರಿ 30, ಹಿರಿಯೂರಿನ ಕೊನೆ ಟ್ರಿಪ್ಪು, ಬರಲೇ ಇಲ್ಲ, ಬಂದು ಹೋಯಿತು ಅಂತ ಬರೆದೆ. ಪೇದೆ ಕೈ ತೊಳೆದು ಬಂದು ಡೈರಿಗೆ ಕೈ ಚಾಚಿದ್ದಾನೆ. ಫೆಬ್ರವರಿ 3, ಮತ್ತೆ ನೀಲಿ ಬಸ್ಸು, ಹದಿ—